ಕಟ್ಟಿಕೊಂಡವಳು, ಇಟ್ಟುಕೊಂಡವಳು ಮತ್ತು ಪೌತಿ ಖಾತೆ

“ಇಟ್ಟುಕೊಂಡವಳು ಇರೋ ತನಕ, ಕಟ್ಟಿಕೊಂಡವಳು ಕೊನೇ ತನಕ” ಎಂಬ ಗಾದೆಯನ್ನು ಮೊದಲು ಆಡಿದವರು ಯಾರೋ ತಿಳಿಯದಾದರೂ, ಅದು ಗಂಡಸಿನ ಬಾಯಿಂದ ಹೊರಟ ಮಾತೆಂಬುದನ್ನು ಅದರ ವ್ಯಾಕರಣವೇ ಹೇಳುತ್ತದೆ. ಇಟ್ಟುಕೊಳ್ಳುವುದು, ಕಟ್ಟಿಕೊಳ್ಳುವುದು ಎಂಬ ಎರಡು ಕ್ರಿಯೆಗಳಿಗೂ ಕರ್ತೃವಾದವನು ಅವನೊಬ್ಬನೇ. ಹೆಣ್ಣು ಎರಡು ಕಡೆಯಲ್ಲಿಯೂ ಕರ್ಮ. (ಕರ್ಮವೆಂಬ ಶಬ್ದದ ಇನ್ನೊಂದು ಅರ್ಥವೂ ಇಲ್ಲಿ ಸಲ್ಲದೆ ಇಲ್ಲ.) ಗಾದೆ ಲೋಕಾನುಭವವನ್ನು ಹೇಳಿ ಸುಮ್ಮನಾಗುತ್ತದೆ. ಆದರೆ ಇಟ್ಟುಕೊಂಡವಳು ಇಪ್ಪತ್ತು ಮೂವತ್ತು ವರ್ಷ ಇದ್ದು, ಆತನ ಕೊನೆಯನ್ನೂ ತಾನೇ ಕಂಡಳೆಂದರೆ, ಆಗ ಆ ಮನೆತನದ ಆಸ್ತಿಯಲ್ಲಿ ಅವಳಿಗೆ ಸಲ್ಲತಕ್ಕದ್ದು ಏನಾದರೂ ಉಂಟೆ ಎಂಬ ಪ್ರಶ್ನೆಗೆ ಗಾದೆಯಲ್ಲಿ ಉತ್ತರವಿಲ್ಲ; ಅದಕ್ಕಾಗಿ ಧರ್ಮಶಾಸ್ತ್ರವನ್ನೂ, ನ್ಯಾಯಾಲಯಗಳ ತೀರ್ಪುಗಳನ್ನೂ, ಕಡೆಗೆ ತಾಲ್ಲೂಕು ಕಚೇರಿಯ ಕಾಗದಪತ್ರಗಳನ್ನೂ ತಿರುವಿ ನೋಡಬೇಕಾಗುತ್ತದೆ.

ನನಗೆ ಈ ಪ್ರಶ್ನೆ ಮೊದಲು ಎದುರಾದುದು ಗ್ರಂಥದಲ್ಲಿ ಅಲ್ಲ. ಮಲೆನಾಡಿನ ಅಂಚಿನ ಒಂದು ತಾಲ್ಲೂಕು ಕೇಂದ್ರದಲ್ಲಿ, ನಮ್ಮ ಬಂಧುಗಳಾಗಿದ್ದ ವಕೀಲರೊಬ್ಬರ ಮನೆಯ ಮುಂಗೋಣೆಯಲ್ಲಿ. ಬೆಳಗಿನ ಹೊತ್ತು, ಅರುವತ್ತು ದಾಟಿದ ಹೆಂಗಸೊಬ್ಬಳು ಬಂದು, ಕುರ್ಚಿಯಲ್ಲಿ ಕೂರೆಂದರೂ ಕೂರದೆ, ಬಟ್ಟೆಯಂಗಡಿಯ ಹಳೆಯ ಚೀಲವೊಂದರಿಂದ ಒಂದೊಂದೇ ಕಾಗದವನ್ನು ತೆಗೆದು ಮೇಜಿನ ಮೇಲೆ ಇಟ್ಟಳು: ಅಂಚು ಹರಿದ ಪಡಿತರ ಚೀಟಿ, ತನ್ನನ್ನು ಇಟ್ಟುಕೊಂಡಿದ್ದ ಗಿರಣಿಯ ಯಜಮಾನನನ್ನು ಆಸ್ಪತ್ರೆಗೆ ಸೇರಿಸಿದಾಗ ಬರೆಸಿದ ಚೀಟಿ, ಅಕ್ಕಿ ಗಿರಣಿಯ ಲೆಕ್ಕದ ಎರಡು ಉದ್ದ ಪುಸ್ತಕಗಳು, ಧರ್ಮಸ್ಥಳದಲ್ಲಿ ತೆಗೆಸಿಕೊಂಡ ಒಂದು ಭಾವಚಿತ್ರ. ಆಸ್ಪತ್ರೆಯ ಚೀಟಿಯಲ್ಲಿ ‘ರೋಗಿಗೆ ಸಂಬಂಧ’ ಎಂಬ ಸಾಲಿನ ಮುಂದೆ ಯಾರೋ ಗುಮಾಸ್ತೆ ನೀಲಿ ಶಾಯಿಯಲ್ಲಿ ‘ಪತ್ನಿ’ ಎಂದು ಬರೆದಿದ್ದ. ಇಪ್ಪತ್ತಾರು ವರ್ಷ ಆಕೆ ಆ ಗಿರಣಿಯ ಅಂಗಳದಲ್ಲಿ ಭತ್ತದ ಚೀಲಗಳನ್ನು ಎಣಿಸಿದ್ದಳು, ಲೆಕ್ಕ ಬರೆದಿದ್ದಳು, ಕೊನೆಯ ಎರಡು ವರ್ಷ ಆತನ ಮಲಮೂತ್ರವನ್ನೂ ಎತ್ತಿದ್ದಳು. ಆತ ಸತ್ತ ದಿನ ಹೆಣವನ್ನು ದೊಡ್ಡಮನೆಗೆ ಒಯ್ದರು. ಗೇಟಿನಿಂದ ಒಳಕ್ಕೆ ಇವಳನ್ನು ಬಿಡಲಿಲ್ಲ. ಈಗ ಹಿರಿಯ ಮಗ ಬಂದು, ಗಿರಣಿಯ ಪಕ್ಕದ ಎರಡು ಕೋಣೆಯ ಮನೆಯನ್ನು ಖಾಲಿ ಮಾಡಬೇಕೆಂದು ಹೇಳಿಹೋಗಿದ್ದ.

ವಕೀಲರು ಕಾಗದಗಳನ್ನೆಲ್ಲ ನೋಡಿ, ಕನ್ನಡಕವನ್ನು ಹಣೆಗೇರಿಸಿ, “ತಾಳಿ ಏನಾದರೂ ಕಟ್ಟಿದ್ದರಾ ಅಮ್ಮಾ? ದೇವಸ್ಥಾನದಲ್ಲಿ, ಎಲ್ಲಿಯಾದರೂ?” ಎಂದು ಕೇಳಿದರು.

“ಅಕ್ಕ ಇದ್ದರಲ್ಲ ಸ್ವಾಮಿ, ನನಗೆ ಹೆಂಗೆ ಕಟ್ಟುತಾರೆ?” ಎಂದಳು ಆಕೆ.

ಅಕ್ಕನೆಂದರೆ ಆತನ ಧರ್ಮಪತ್ನಿ. ಆ ಉತ್ತರದಲ್ಲಿ ಮರ್ಯಾದೆಯಿತ್ತು, ಸತ್ಯವಿತ್ತು; ಆಕೆಯ ಮೊಕದ್ದಮೆ ಮುಗಿದುಹೋದುದೂ ಆ ಉತ್ತರದಲ್ಲಿಯೇ.

ಇಂತಹ ಹೆಂಗಸಿನ ಪ್ರಶ್ನೆ ನಮಗೆ ಪಾಶ್ಚಾತ್ಯರ ಸಹವಾಸದಿಂದ ಬಂದ ಹೊಸ ರೋಗವೆಂದು ತಿಳಿದವರುಂಟು. ವಾಸ್ತವವಾಗಿ ಅದಕ್ಕೆ ಶಾಸ್ತ್ರೀಯವಾದ ಉತ್ತರವೊಂದನ್ನು ಬರೆದಿಟ್ಟವನು ಕನ್ನಡ ನೆಲದಲ್ಲಿಯೇ ಕುಳಿತಿದ್ದ ಪಂಡಿತ. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076–1126) ರಾಜಧಾನಿಯಾಗಿದ್ದ ಕಲ್ಯಾಣದಲ್ಲಿ, ಎಂದರೆ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ, ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನ ಮಾತು ಬಂಗಾಳವೊಂದನ್ನುಳಿದು ಭಾರತದ ಬಹುಭಾಗದ ಹಿಂದೂಗಳ ಆಸ್ತಿವ್ಯವಹಾರವನ್ನು ಶತಮಾನಗಳ ಕಾಲ ಆಳಿತು. ಅವನ ಮುಂದಿದ್ದ ತೊಡಕು ಇದು: ಗಂಡುಮಕ್ಕಳಿಲ್ಲದೆ, ದಾಯಾದಿಗಳಿಂದ ವಿಭಕ್ತನಾಗಿ ಒಬ್ಬನು ಸತ್ತರೆ ಅವನ ಆಸ್ತಿ ಯಾರಿಗೆ? ಪತ್ನಿಗೆ ಎನ್ನುತ್ತದೆ ಯಾಜ್ಞವಲ್ಕ್ಯನ ವಚನ. ಅವನ ಹೆಂಗಸರಿಗೆ ಜೀವನಕ್ಕೆ ಬೇಕಾದಷ್ಟನ್ನು ಕೊಟ್ಟರೆ ಸಾಕು ಎಂಬ ಅರ್ಥ ಬರುತ್ತದೆ ನಾರದ, ಕಾತ್ಯಾಯನ ಮೊದಲಾದವರ ವಚನಗಳಿಂದ. ವಿಧವೆಗೆ ಅನ್ನ ಬಟ್ಟೆ ಮಾತ್ರ ಸಾಕೆನ್ನುವ ದಾಯಾದಿಗಳಿಗೆ ಈ ಎರಡನೆಯ ಬಗೆಯ ವಚನಗಳು ಎಷ್ಟು ಪ್ರಿಯವಾಗಿದ್ದಿರಬೇಕೆಂಬುದನ್ನು ಊಹಿಸಬಹುದು. ವಿಜ್ಞಾನೇಶ್ವರನು ಶಬ್ದಗಳನ್ನು ಹಿಡಿದು ನಿಂತ. ಆ ವಚನಗಳಲ್ಲಿ ಇರುವುದು ಸ್ತ್ರೀ, ಯೋಷಿತ್ ಎಂಬ ಶಬ್ದಗಳು, ಪತ್ನೀಶಬ್ದವಲ್ಲ. ಆದುದರಿಂದ ಅವು ಧರ್ಮಪತ್ನಿಗೆ ಅನ್ವಯಿಸತಕ್ಕವಲ್ಲ, ‘ಅವರುದ್ಧಾ ಸ್ತ್ರೀ’ಯರಿಗೆ ಅನ್ವಯಿಸತಕ್ಕವು ಎಂದು ತೀರ್ಮಾನಿಸಿ, ಪತ್ನಿಗೆ ಆಸ್ತಿಯನ್ನೂ ಅವರುದ್ಧೆಗೆ ಜೀವನಾಂಶವನ್ನೂ ವಿಂಗಡಿಸಿಕೊಟ್ಟ.

ಅವರುದ್ಧಾ ಎಂದರೆ ತಡೆದಿರಿಸಲ್ಪಟ್ಟವಳು: ಪರಪುರುಷರ ಸಂಗ ಕೂಡದೆಂದು ಯಜಮಾನನು ಮನೆಯಲ್ಲಿ ಕಟ್ಟುಮಾಡಿ ಇರಿಸಿಕೊಂಡವಳು. ಕನ್ನಡದ ‘ಇಟ್ಟುಕೊಂಡವಳು’ ಎಂಬುದು ಅದರ ಭಾಷಾಂತರವೇ ಇದ್ದಂತಿದೆ. ಇಲ್ಲಿ ಗಮನಿಸಬೇಕಾದ ಸ್ವಾರಸ್ಯವೆಂದರೆ, ವಿಜ್ಞಾನೇಶ್ವರನು ಹೊರಟಿದ್ದುದು ಇಟ್ಟುಕೊಂಡವಳನ್ನು ಉದ್ಧರಿಸುವುದಕ್ಕಲ್ಲ, ಕಟ್ಟಿಕೊಂಡವಳನ್ನು ದಾಯಾದಿಗಳ ಬಾಯಿಂದ ಬಿಡಿಸುವುದಕ್ಕೆ. ಹೆಂಡತಿಯ ಹಕ್ಕನ್ನು ಭದ್ರಪಡಿಸುವ ವಾದದ ಬೆನ್ನಿಗೇ ಇನ್ನೊಬ್ಬಳ ಅನ್ನದ ಹಕ್ಕು ಹುಟ್ಟಿತು. ಈ ಎರಡು ಹಕ್ಕುಗಳನ್ನು ಹುಟ್ಟುವೈರಿಗಳೆಂದು ಭಾವಿಸುವ ಇಂದಿನ ಚರ್ಚೆಗೆ ಈ ಸಂಗತಿ ತಿಳಿದಿದ್ದರೆ ಒಳ್ಳೆಯದಿತ್ತು.

ಆಂಗ್ಲರ ನ್ಯಾಯಾಲಯಗಳು ಶಾಸ್ತ್ರದ ಈ ಎಳೆಯನ್ನು ಹಿಡಿದು ಸುಮಾರು ನೂರು ವರ್ಷ ನೇಯ್ದುವು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ಮುಂದೆ ಬಂದ ಒಂದು ಮೊಕದ್ದಮೆಯಲ್ಲಿ (ವಾದಿ ಪ್ರತಿವಾದಿಗಳ ಹೆಸರುಗಳನ್ನು ಕಂಡರೆ ನಮ್ಮ ಉತ್ತರ ಕರ್ನಾಟಕದವರೆಂದೇ ತೋರುತ್ತದೆ) ಬದುಕಿರುವ ಗಂಡಸು ತಾನು ಇಟ್ಟುಕೊಂಡವಳನ್ನು ಬಿಟ್ಟುಬಿಟ್ಟರೆ ಅವನ ಮೇಲೆ ಅವಳಿಗೆ ಹಕ್ಕಿಲ್ಲವೆಂದು ತೀರ್ಮಾನವಾಯಿತು. ಹಕ್ಕು ಹುಟ್ಟುವುದು ಅವನು ಸತ್ತ ಮೇಲೆ, ಅವನ ಆಸ್ತಿಯ ಮೇಲೆ. ಅದೂ ಕೊನೆಯವರೆಗೆ ಅವನೊಬ್ಬನಿಗೇ ನಿಷ್ಠಳಾಗಿ, ನಾಲ್ಕು ಜನರಿಗೆ ತಿಳಿಯುವಂತೆ ಅವನೊಡನೆ ಬಾಳಿದ್ದರೆ. ಅಂತಹವಳು ಅವನ ಕುಟುಂಬದ ಮನೆಯಲ್ಲಿಯೇ ವಾಸಿಸಿರಬೇಕೆಂಬ ನಿಯಮವೇನೂ ಇಲ್ಲವೆಂದು 1926ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲು ಹೇಳಿತು. 1945ರಲ್ಲಿ ಮುಂಬಯಿಯ ಪೂರ್ಣಪೀಠವು ಇನ್ನೂ ಮುಂದೆ ಹೋಗಿ, ತನ್ನ ಸ್ವಂತ ಗಂಡನು ಬದುಕಿರುವ ಹೆಂಗಸು ಕೂಡ ಇನ್ನೊಬ್ಬನಿಗೆ ಅವರುದ್ಧೆಯಾಗಬಹುದೆಂದು ಒಪ್ಪಿತು. ಆತನ ಮರಣಾನಂತರವೂ ಅವಳು ಶೀಲವನ್ನು ಕಾಪಾಡಿಕೊಂಡಿರಬೇಕೆಂಬ ಷರತ್ತು ಮಾತ್ರ ಸಡಿಲವಾಗಲಿಲ್ಲ. ಬದುಕಿದ್ದಾಗ ಎರಡು ಮನೆ ನಡಸಿದವನಿಗೆ ಸತ್ತ ಮೇಲೆಯೂ ಸಲ್ಲತಕ್ಕ ಪಾತಿವ್ರತ್ಯ ಅದು! ಏನೇ ಆಗಲಿ, ಗಾದೆ ಹೇಳಿದ್ದಕ್ಕೆ ಕಾನೂನು ತದ್ವಿರುದ್ಧವಾಗಿತ್ತೆಂಬುದು ನಿಜ: ಇಟ್ಟುಕೊಂಡವಳಿಗೆ ಅವನು ಇರುವ ತನಕ ಏನೂ ಇಲ್ಲ, ಕೊನೆಯ ತನಕ ಇದ್ದರೆ ಮಾತ್ರ ಉಂಟು.

ಈ ಏರ್ಪಾಡು ಮುಗಿದುದು ಒಂದು ಒಳ್ಳೆಯ ಕಾರ್ಯದ ನಡುವೆ. ಹಿಂದೂ ಪುರುಷನು ಏಕಕಾಲದಲ್ಲಿ ಎಷ್ಟು ಮದುವೆಗಳನ್ನಾದರೂ ಆಗಬಹುದಾಗಿದ್ದ ಸ್ಥಿತಿ ಕನ್ನಡನಾಡಿನಲ್ಲಿ ಒಂದೇ ದಿನ ಹೋಗಲಿಲ್ಲ. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ ಬೆಳಗಾವಿಗಳಲ್ಲಿ 1946ರ ಕಾನೂನಿನಿಂದ, ಮದರಾಸಿಗೆ ಸೇರಿದ್ದ ಮಂಗಳೂರು ಬಳ್ಳಾರಿಗಳಲ್ಲಿ 1949ರ ಕಾನೂನಿನಿಂದ, ಮೈಸೂರಿನಲ್ಲಿ 1955ರ ಹಿಂದೂ ವಿವಾಹ ಕಾನೂನಿನಿಂದ ಹೋಯಿತು. ಹೀಗಾಗಿ ಕೆಲವು ವರ್ಷ ತುಂಗಭದ್ರೆಯ ಒಂದು ದಡದಲ್ಲಿ ಕಿರಿಯ ಹೆಂಡತಿಯಾಗಿದ್ದವಳು ಇನ್ನೊಂದು ದಡದಲ್ಲಿ ಹೆಂಡತಿಯೇ ಅಲ್ಲದ ವಿಚಿತ್ರವೂ ಇತ್ತು. ಮರುವರ್ಷ, 1956ರಲ್ಲಿ, ಉತ್ತರಾಧಿಕಾರದ ಕಾನೂನು ವಿಧವೆಯನ್ನು ಮಕ್ಕಳೊಡನೆ ಸಮಭಾಗಿಯಾದ ಮೊದಲ ವರ್ಗದ ವಾರಸುದಾರಳನ್ನಾಗಿ ಮಾಡಿತು. ಅದೇ ವರ್ಷದ ದತ್ತಕ ಮತ್ತು ಜೀವನಾಂಶದ ಕಾನೂನು, ಸತ್ತವನ ಆಸ್ತಿಯಿಂದ ಪೋಷಣೆ ಪಡೆಯತಕ್ಕ ಅವಲಂಬಿತರ ಪಟ್ಟಿಯೊಂದನ್ನು ಕೊಟ್ಟಿತು. ಆ ಪಟ್ಟಿಯಲ್ಲಿ ವಿವಾಹಬಾಹಿರವಾಗಿ ಹುಟ್ಟಿದ ಅಪ್ರಾಪ್ತವಯಸ್ಕ ಮಗನೂ ಅವಿವಾಹಿತೆಯಾದ ಮಗಳೂ ಇದ್ದಾರೆ. ಅವರ ತಾಯಿ ಇಲ್ಲ. ಎಂಟುನೂರು ವರ್ಷ ಉಂಡ ಎಲೆಯನ್ನು ಒಂದು ಮಾತೂ ಆಡದೆ ಎತ್ತಿಬಿಟ್ಟಂತಾಯಿತು. ಹಳೆಯ ಕಾನೂನಿನ ಕಾಲದಲ್ಲಿಯೇ, 1948ರಲ್ಲಿ, ತನ್ನವನನ್ನು ಕಳೆದುಕೊಂಡಿದ್ದ ಆಂಧ್ರದ ಹೆಂಗಸೊಬ್ಬಳಿಗೆ 1965ರಲ್ಲಿ ಸರ್ವೋಚ್ಚ ನ್ಯಾಯಾಲಯ ಜೀವನಾಂಶವನ್ನು ಉಳಿಸಿಕೊಟ್ಟಿತು. ಆಕೆ ಇನ್ನೊಬ್ಬನಿಗೆ ಮದುವೆಯಾಗಿದ್ದ ಬ್ರಾಹ್ಮಣ ಸ್ತ್ರೀ, ಹತ್ತು ವರ್ಷ ಬಹಿರಂಗವಾಗಿ ಶೂದ್ರನೊಬ್ಬನೊಡನೆ ಬಾಳಿದವಳು. ಅವರುದ್ಧೆ ಎಂಬ ಹೆಸರಿಗೆ ನ್ಯಾಯಾಲಯದಲ್ಲಿ ಸಿಕ್ಕ ಕೊನೆಯ ಗೌರವಗಳಲ್ಲಿ ಅದೂ ಒಂದು.

ಅಲ್ಲಿಂದ ಮುಂದೆ ಅವಳು ಕಾನೂನಿನ ಕಣ್ಣಿಗೆ ಬಿದ್ದುದು ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ 2005ರ ಶಾಸನದಲ್ಲಿ, ‘ವಿವಾಹದ ಸ್ವರೂಪದ ಸಂಬಂಧ’ ಎಂಬ ಹೊಸ ಮಾತಿನ ಮರೆಯಲ್ಲಿ. ಈ ಮಾತಿಗೆ 2010ರಲ್ಲಿ ಅರ್ಥ ಹೇಳುವಾಗ ನ್ಯಾಯಮೂರ್ತಿಗಳಾದ ಮಾರ್ಕಂಡೇಯ ಕಾಟ್ಜು ಮತ್ತು ಟಿ. ಎಸ್. ಠಾಕೂರ್ ಅವರು, ಇಬ್ಬರೂ ಮದುವೆಗೆ ಅರ್ಹರಾಗಿರಬೇಕು, ಎಂದರೆ ಇಬ್ಬರಿಗೂ ಬೇರೆ ಮದುವೆ ಇರಕೂಡದು ಎಂಬ ಷರತ್ತನ್ನು ಹಾಕಿದರು. ಅದೇ ತೀರ್ಪಿನಲ್ಲಿ ಬಂದ ‘ಕೀಪ್’ ಎಂಬ ಶಬ್ದಕ್ಕೆ ಹಿರಿಯ ನ್ಯಾಯವಾದಿ ಇಂದಿರಾ ಜೈಸಿಂಗ್ ಅವರು ಸರ್ವೋಚ್ಚ ನ್ಯಾಯಾಲಯದಲ್ಲಿಯೇ ಆಕ್ಷೇಪವೆತ್ತಿದರು. ವ್ಯಾಕರಣದ ದೋಷ ಕನ್ನಡಕ್ಕೆ ಮಾತ್ರ ಸೇರಿದ್ದಲ್ಲ.

ಆಮೇಲಿನ ದೊಡ್ಡ ತೀರ್ಪು ಹುಟ್ಟಿದುದು ಬೆಂಗಳೂರಿನಲ್ಲಿ. ಒಂದು ಖಾಸಗಿ ಸಂಸ್ಥೆಯಲ್ಲಿ ಜೊತೆಯಾಗಿ ಕೆಲಸಮಾಡುತ್ತಿದ್ದ ಇಬ್ಬರು. ಆಕೆಗೆ ಮೂವತ್ತಮೂರು ವರ್ಷ, ಅವಿವಾಹಿತೆ. ಆತನಿಗೆ ಹೆಂಡತಿಯೂ ಇಬ್ಬರು ಮಕ್ಕಳೂ ಇದ್ದರು. 1992ರಿಂದ ಸುಮಾರು ಹದಿನೆಂಟು ವರ್ಷ ಅವರು ಒಂದೇ ಮನೆಯಲ್ಲಿ ಬಾಳಿದರು. ಆತ ಬಿಟ್ಟುಹೋದಾಗ ಆಕೆ ಮ್ಯಾಜಿಸ್ಟ್ರೇಟರ ಮುಂದೆ ಹೋದಳು. ತಿಂಗಳಿಗೆ 18,000 ರೂಪಾಯಿ ಕೊಡತಕ್ಕದ್ದೆಂದು ಆಜ್ಞೆಯಾಯಿತು. ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ರದ್ದುಮಾಡಿತು. 2013ರ ನವೆಂಬರ್ 26ರಂದು ಸರ್ವೋಚ್ಚ ನ್ಯಾಯಾಲಯವೂ ಉಚ್ಚ ನ್ಯಾಯಾಲಯದ ನಿರ್ಣಯವನ್ನೇ ಎತ್ತಿಹಿಡಿಯಿತು. ಆತ ವಿವಾಹಿತನೆಂದು ಆಕೆಗೆ ಮೊದಲಿನಿಂದಲೂ ಗೊತ್ತಿತ್ತು. ಆದುದರಿಂದ ಅದು ವಿವಾಹದ ಸ್ವರೂಪದ ಸಂಬಂಧವಲ್ಲ. ಆಕೆಗೆ ಪರಿಹಾರ ಕೊಟ್ಟರೆ ಆ ಸಂಬಂಧವನ್ನು ವಿರೋಧಿಸುತ್ತ ಬಂದಿದ್ದ ಹೆಂಡತಿಮಕ್ಕಳಿಗೆ ಅನ್ಯಾಯವಾದೀತು ಎಂಬುದು ಅದರ ಸಾರ. ಆದರೂ ಇಂತಹ ಸಂಬಂಧದಲ್ಲಿ ನಿರ್ಗತಿಕರಾಗುವ ಬಡ, ನಿರಕ್ಷರ ಹೆಂಗಸರನ್ನೂ ಅವರ ಮಕ್ಕಳನ್ನೂ ಕುರಿತು ಸಂಸತ್ತು ಯೋಚಿಸಬೇಕೆಂಬ ಮಾತನ್ನು ನ್ಯಾಯಮೂರ್ತಿಗಳು ಸೇರಿಸದೆ ಬಿಡಲಿಲ್ಲ. ಇದಕ್ಕೆ ಒಂದು ತಿಂಗಳು ಹಿಂದೆಯಷ್ಟೇ ಅದೇ ನ್ಯಾಯಾಲಯ, ಮೊದಲ ಮದುವೆಯನ್ನು ಮುಚ್ಚಿಟ್ಟು ಇನ್ನೊಬ್ಬಳಿಗೆ ತಾಳಿ ಕಟ್ಟಿದವನಿಂದ ಆ ವಂಚಿತೆಗೆ ಜೀವನಾಂಶವನ್ನು ಕೊಡಿಸಿತ್ತು.

ಎರಡು ತೀರ್ಪುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ತಿಳಿಯುವುದಿಷ್ಟು: ಹೆಂಗಸಿಗೆ ಗೊತ್ತಿರಲಿಲ್ಲವಾದರೆ ಅನ್ನ ಉಂಟು, ಗೊತ್ತಿದ್ದರೆ ಇಲ್ಲ. ತಿಳಿದೂ ಇನ್ನೊಬ್ಬಳ ಸಂಸಾರದೊಳಗೆ ಕಾಲಿಟ್ಟವಳಿಗೆ ಫಲವೂ ತಿಳಿದಿರಬೇಕೆಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಎರಡು ಸಂದರ್ಭಗಳಲ್ಲಿಯೂ ಎಲ್ಲವೂ ಗೊತ್ತಿದ್ದವನು ಒಬ್ಬನಿದ್ದಾನಲ್ಲ, ಎರಡನೆಯ ಸಂದರ್ಭದಲ್ಲಿ ಅವನಿಗೆ ಒಂದು ಕಾಸೂ ಖರ್ಚಿಲ್ಲ. ಆಕೆಯ ಅರಿವು ಆಕೆಗೆ ಅಪರಾಧವಾದರೆ, ಅವನ ಅರಿವು ಅವನಿಗೆ ಉಳಿತಾಯವಾಗುವುದು ಯಾವ ನ್ಯಾಯದಿಂದ ಎಂಬುದಕ್ಕೆ ನನಗೆ ಇನ್ನೂ ಸಮಾಧಾನ ಸಿಕ್ಕಿಲ್ಲ.

ಮಕ್ಕಳ ವಿಷಯದಲ್ಲಿ ಕಾನೂನು ಹೆಚ್ಚು ಉದಾರವಾಗಿದೆ. 1976ರ ತಿದ್ದುಪಡಿಯ ತರುವಾಯ, ಅಸಿಂಧುವಾದ ಮದುವೆಯಲ್ಲಿ ಹುಟ್ಟಿದ ಮಕ್ಕಳೂ ಸಕ್ರಮ ಸಂತಾನವೇ. ತಂದೆತಾಯಿಗಳ ಆಸ್ತಿ ಅವರಿಗೆ ಉಂಟು, ಇತರ ಬಂಧುಗಳದು ಇಲ್ಲ. ತಂದೆಯ ಆಸ್ತಿ ಎಂದರೆ ಅವನ ಸ್ವಯಾರ್ಜಿತ ಮಾತ್ರವೋ, ಪಿತ್ರಾರ್ಜಿತದಲ್ಲಿ ಅವನಿಗೆ ಬರತಕ್ಕ ಪಾಲೂ ಸೇರುವುದೋ ಎಂಬ ವಿವಾದ ಕರ್ನಾಟಕದಿಂದ ಹೋದ ಒಂದು ಮೇಲ್ಮನವಿಯಲ್ಲಿಯೇ ಎದ್ದು, 2011ರಿಂದ ಹನ್ನೆರಡು ವರ್ಷ ಕಾದು, 2023ರ ಸೆಪ್ಟೆಂಬರ್ 1ರಂದು ಇತ್ಯರ್ಥವಾಯಿತು: ತಂದೆ ಸಾಯುವ ಮುನ್ನ ಕುಟುಂಬ ಪಾಲಾಗಿದ್ದರೆ ಅವನ ಕೈಗೆ ಎಷ್ಟು ಬರುತ್ತಿತ್ತೋ ಅಷ್ಟರಲ್ಲಿ ಈ ಮಕ್ಕಳಿಗೂ ಭಾಗವುಂಟು. ಆದರೆ ಇದೆಲ್ಲ ಅಸಿಂಧುವಾದರೂ ಮದುವೆಯೆಂಬುದೊಂದು ನಡೆದಿದ್ದಲ್ಲಿ. ತಾಳಿಯ ಶಾಸ್ತ್ರವೇ ನಡೆಯದ ಮನೆಯ ಮಕ್ಕಳಿಗೆ ಈ ಬಾಗಿಲು ತೆರೆಯುವುದು ಕಷ್ಟ. ಕಾನೂನನ್ನು ಮುರಿದು ಎರಡನೆಯ ತಾಳಿ ಕಟ್ಟಿದವನ ಮಕ್ಕಳಿಗೆ ಸಿಕ್ಕುವುದು, ಕಾನೂನಿಗೆ ಅಂಜಿಯೋ ಹೆಂಡತಿಗೆ ಅಂಜಿಯೋ ಕಟ್ಟದೆ ಉಳಿದವನ ಮಕ್ಕಳಿಗೆ ಸಿಕ್ಕದೆ ಹೋಗುತ್ತದೆ.

ಇಷ್ಟನ್ನೂ ಹೇಳಿದ ಮೇಲೆ, ದಂಪತಿಗಳ ಜಂಟಿ ಆಸ್ತಿಯಲ್ಲಿ ಮೂರನೆಯವಳಿಗೆ ಪಾಲು ಸಲ್ಲಬೇಕೆ ಎಂದು ವಾದಿಸುವವರೂ ಪ್ರತಿವಾದಿಸುವವರೂ ಸಾಮಾನ್ಯವಾಗಿ ಮರೆಯುವ ಒಂದು ಸಂಗತಿಯ ಬಳಿಗೆ ಬರಬೇಕು. ನಮ್ಮ ದೇಶದ ಕಾನೂನಿನಲ್ಲಿ ‘ದಂಪತಿಗಳ ಆಸ್ತಿ’ ಎಂಬ ವಸ್ತುವೇ ಇಲ್ಲ. ಗಂಡನ ಹೆಸರಿನಲ್ಲಿರುವುದು ಗಂಡನದು, ಹೆಂಡತಿಯ ಹೆಸರಿನಲ್ಲಿರುವುದು ಹೆಂಡತಿಯದು. ಮೂವತ್ತು ವರ್ಷ ಸಂಸಾರ ಮಾಡಿದ ಧರ್ಮಪತ್ನಿ ವಿಚ್ಛೇದನವಾದಾಗ ಕೇಳಬಹುದಾದುದು ಜೀವನಾಂಶವನ್ನೇ ಹೊರತು ಮನೆಯ ಅರ್ಧವನ್ನಲ್ಲ. ಗಂಡನ ಸ್ಥಿರಾಸ್ತಿಯಲ್ಲಿ ಹೆಂಡತಿಗೆ ಪಾಲು ಕೊಡಿಸುವ ಉದ್ದೇಶವಿದ್ದ ಮಸೂದೆಯೊಂದು 2013ರಲ್ಲಿ ರಾಜ್ಯಸಭೆಯನ್ನು ದಾಟಿಯೂ ಲೋಕಸಭೆಯನ್ನು ದಾಟಲಾರದೆ, ಮರುವರ್ಷ ಆ ಸಭೆಯ ಅವಧಿಯೊಡನೆಯೇ ಬಿದ್ದುಹೋಯಿತು. ಗೃಹಿಣಿಯ ದುಡಿಮೆಯಿಂದಲೂ ಗಂಡನ ಆಸ್ತಿ ಬೆಳೆದಿದೆ, ಆದುದರಿಂದ ಅದರಲ್ಲಿ ಅವಳಿಗೆ ಸಮಭಾಗವುಂಟೆಂದು ಮದರಾಸು ಉಚ್ಚ ನ್ಯಾಯಾಲಯ 2023ರಲ್ಲಿ ಹೇಳಿದಾಗ ಅದು ವೃತ್ತಪತ್ರಿಕೆಗಳಿಗೆ ದೊಡ್ಡ ಸುದ್ದಿಯಾಯಿತೆಂಬುದೇ ಉಳಿದ ಕಡೆಯ ಸ್ಥಿತಿಯನ್ನು ಹೇಳುತ್ತದೆ. ಕಾರವಾರದಿಂದ ಕಾಳಿಯ ಸೇತುವೆ ದಾಟಿ ಗೋವೆಗೆ ಹೋದರೆ ಸಂಗತಿ ಬೇರೆ. ಅಲ್ಲಿ ಪೋರ್ಚುಗೀಸರ 1867ರ ಸಂಹಿತೆಯ ಪರಂಪರೆಯಂತೆ, ಬೇರೆ ಕರಾರಿಲ್ಲದಿದ್ದಲ್ಲಿ, ಮದುವೆಯಾದೊಡನೆ ಇಬ್ಬರ ಆಸ್ತಿಯೂ ಕೂಡಿ ಇಬ್ಬರಿಗೂ ಸಮವಾಗುತ್ತದೆ. ಉಳಿದ ಭಾರತದಲ್ಲಿ ಕಟ್ಟಿಕೊಂಡವಳೂ ಇಟ್ಟುಕೊಂಡವಳೂ ಜಗಳವಾಡುತ್ತಿರುವುದು ಗಂಡಸು ಬದುಕಿರುವವರೆಗೆ ಇಬ್ಬರಿಗೂ ಸೇರದ ವಸ್ತುವಿಗಾಗಿ.

ಆದ್ದರಿಂದಲೇ ಹೊರದೇಶದ ಉದಾಹರಣೆಗಳನ್ನು ನಮ್ಮಲ್ಲಿ ನಾಟಿ ಮಾಡುವುದು ಸುಲಭವಲ್ಲ. ಆಸ್ಟ್ರೇಲಿಯದ ಕೌಟುಂಬಿಕ ಕಾನೂನಿನಲ್ಲಿ, ಒಬ್ಬನಿಗೆ ಮದುವೆಯಾದ ಹೆಂಡತಿ ಇದ್ದರೂ ಇನ್ನೊಬ್ಬಳೊಡನೆ ಅವನದು ಸಹಜೀವನವೆಂದು ನ್ಯಾಯಾಲಯ ಪರಿಗಣಿಸಬಹುದು. ಸಾಮಾನ್ಯವಾಗಿ ಎರಡು ವರ್ಷ ಬಾಳಿದ್ದರೆ ಆಸ್ತಿಯಲ್ಲಿ ಪಾಲನ್ನೂ ಕೇಳಬಹುದು. ಅಲ್ಲಿ ಹೆಂಡತಿಯ ಪಾಲು ಮೊದಲೇ ಗಟ್ಟಿಯಾಗಿರುವುದರಿಂದ ಆ ಔದಾರ್ಯ ಸಾಧ್ಯವಾಯಿತು. ಕ್ಯಾಲಿಫೋರ್ನಿಯದಲ್ಲಿ ನಟ ಲೀ ಮಾರ್ವಿನ್ನನ ಜೊತೆಗಾತಿ ಹೂಡಿದ ಮೊಕದ್ದಮೆ, 1976ರಲ್ಲಿ ಮದುವೆಯಾಗದವರ ನಡುವಣ ಕರಾರಿಗೂ ಬೆಲೆಯುಂಟೆಂಬ ಸೂತ್ರವನ್ನು ಸ್ಥಾಪಿಸಿ ಜಗತ್ಪ್ರಸಿದ್ಧವಾಯಿತು. ಆದರೆ ಆಕೆಗೆ ಕೆಳಗಿನ ನ್ಯಾಯಾಲಯ ಕೊಟ್ಟ 104,000 ಡಾಲರು ಕೂಡ ಮೇಲ್ಮನವಿಯಲ್ಲಿ ಕೈತಪ್ಪಿತೆಂಬುದನ್ನು ಆ ತೀರ್ಪನ್ನು ಹೊಗಳುವವರು ನೆನೆಯುವುದು ಕಡಿಮೆ.

ನನ್ನ ಅಭಿಪ್ರಾಯವನ್ನು ಕೇಳುವುದಾದರೆ, ಹೆಂಡತಿಯ ದುಡಿಮೆಯಿಂದಲೂ ಬೆಳೆದ ಗಂಟಿನಲ್ಲಿ ಇನ್ನೊಬ್ಬಳಿಗೆ ಪಾಲು ಸಲ್ಲದು. ಆ ಗಿರಣಿಯ ಕಥೆಯಲ್ಲಿ ನಾನು ಹೇಳದೆ ಬಿಟ್ಟ ಒಂದು ಸಂಗತಿಯಿದೆ: ಮೊದಲ ಯಂತ್ರವನ್ನು ಕೊಂಡುದು ದೊಡ್ಡಮನೆಯಾಕೆಯ ತವರಿನ ನಾಲ್ಕು ಚಿನ್ನದ ಬಳೆಗಳನ್ನು ಅಡವಿಟ್ಟ ಹಣದಿಂದ. ಆ ಬಳೆಗಳು ಮತ್ತೆ ಬಿಡುಗಡೆಯಾಗಿ ಬರಲಿಲ್ಲ. ಹೆಂಡತಿಗೆ ಮೊದಲು ಆ ಗಂಟಿನ ಒಡೆತನವನ್ನು ಗಂಡ ಬದುಕಿರುವಾಗಲೇ ಕೊಟ್ಟು, ಅದನ್ನು ಬೇರೆಯಿಟ್ಟ ಮೇಲೆ, ಉಳಿದ ಅವನ ಭಾಗದಿಂದ, ಇಪ್ಪತ್ತಾರು ವರ್ಷ ಲೆಕ್ಕ ಬರೆದವಳಿಗೆ ಅವಳ ದುಡಿಮೆಯ ಬೆಲೆಯೂ ಮುಪ್ಪಿನ ಅನ್ನವೂ ತಲೆಯ ಮೇಲಿನ ಸೂರೂ ಸಲ್ಲಲೇಬೇಕು. ಅದು ಪ್ರಣಯಕ್ಕೆ ಕೊಡುವ ಬಹುಮಾನವಲ್ಲ, ದುಡಿಸಿಕೊಂಡುದರ ಬಾಕಿ. ಇಂತಹ ಸಂಬಂಧಗಳಿಗೆ ಕಾನೂನು ನೆರವಾದರೆ ಅವು ಹೆಚ್ಚುವುವೆಂದು ಹೆದರುವವರುಂಟು. ಆದರೆ ಪುಕ್ಕಟೆಯಾಗಿ ಸಿಕ್ಕುವ ವಸ್ತುವಿನ ಬಳಕೆ ಕಡಿಮೆಯಾದುದನ್ನು ನಾನಂತೂ ಎಲ್ಲಿಯೂ ಕಂಡಿಲ್ಲ.

ಅಂತಹ ಕಾನೂನು ಬರುವವರೆಗೆ ಇರುವುದು ಕಾಗದದ ಬಲವೊಂದೇ. ಸ್ವಯಾರ್ಜಿತವನ್ನು ಹಿಂದೂವಾದವನು ಉಯಿಲಿನ ಮೂಲಕ ಯಾರಿಗೆ ಬೇಕಾದರೂ ಬರೆಯಬಹುದು. ಇಬ್ಬರು ಸಾಕ್ಷಿಗಳು ಬೇಕು, ನೋಂದಣಿ ಕಡ್ಡಾಯವಲ್ಲದಿದ್ದರೂ ಮಾಡಿಸಿದ್ದರೆ ಮೇಲು, ಏಕೆಂದರೆ ಇಂತಹ ಉಯಿಲನ್ನು ನ್ಯಾಯಾಲಯಗಳು ಸಂಶಯದ ದೀಪ ಹಿಡಿದೇ ಓದುತ್ತವೆ. ಮುಸಲ್ಮಾನರಲ್ಲಿ ವಾರಸುದಾರರಲ್ಲದವರಿಗೆ ಉಯಿಲಿನಿಂದ ಹೋಗಬಹುದಾದುದು ಮೂರರಲ್ಲಿ ಒಂದು ಪಾಲು ಮಾತ್ರ. ಅವಿಭಕ್ತ ಕುಟುಂಬದ ಆಸ್ತಿಯನ್ನು ಯಜಮಾನನು ಬದುಕಿದ್ದಾಗ ತನ್ನವಳಿಗೆ ದಾನವಾಗಿ ಕೊಟ್ಟರೆ ಅದು ಕುಟುಂಬವನ್ನು ಕಟ್ಟುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1967ರಲ್ಲಿಯೇ ಹೇಳಿದೆ. ಬ್ಯಾಂಕಿನ ಖಾತೆಗೂ ವಿಮೆಗೂ ನಾಮಿನಿಯೆಂದು ಹೆಸರು ಬರೆಸಿದ್ದಾರೆಂದು ನಂಬಿ ಕುಳಿತವರು ಬಹಳ ಮಂದಿ. ಸಾಮಾನ್ಯವಾಗಿ ನಾಮಿನಿ ಹಣವನ್ನು ಈಸಿಕೊಳ್ಳುವವಳೇ ಹೊರತು ಅದರ ಒಡತಿಯಲ್ಲ, ವಾರಸುದಾರರಿಗೆ ಲೆಕ್ಕ ಒಪ್ಪಿಸತಕ್ಕವಳು. ಇದಕ್ಕಿಂತ ಕ್ರೂರವಾದುದು ಬೇನಾಮಿ ಕಾನೂನು. ನಂಬಿಕೆಯ ಮೇಲೆ ಆಕೆ ತನ್ನ ಸಂಬಳದ ಹಣ ಕೊಟ್ಟು ಆತನ ಹೆಸರಿಗೆ ನಿವೇಶನ ಕೊಳ್ಳಿಸಿದ್ದರೆ, ‘ಅದು ವಾಸ್ತವವಾಗಿ ನನ್ನದು’ ಎಂದು ದಾವೆ ಹೂಡುವುದಕ್ಕೆ 1988ರಿಂದ ಆ ಕಾನೂನೇ ಅಡ್ಡ ನಿಲ್ಲುತ್ತದೆ.

ವಕೀಲರು ಆ ಹೆಂಗಸಿಗೆ ಇದನ್ನೆಲ್ಲ ಹೇಳಲಿಲ್ಲ. ಉಯಿಲು ಇಲ್ಲ, ದಾನಪತ್ರ ಇಲ್ಲ, ತಾಳಿ ಇಲ್ಲ, ಹೇಳಿ ಪ್ರಯೋಜನವಿರಲಿಲ್ಲ. ಮಕ್ಕಳು ಪೌತಿ ಖಾತೆಗಾಗಿ ಅರ್ಜಿ ಹಾಕಿ, ಗ್ರಾಮಲೆಕ್ಕಿಗರಿಂದ ವಂಶವೃಕ್ಷವನ್ನೂ ಬರೆಸಿಕೊಂಡಿದ್ದರು. ಅದರ ಪ್ರತಿಯೊಂದು ವಕೀಲರ ಕೈಗೆ ಬಂದಿತ್ತು. ಮೇಲೆ ಆತನ ಹೆಸರು, ಮುಂದೆ ಕಂಸದಲ್ಲಿ ‘ಮೃತ’. ಅದರ ಪಕ್ಕದಲ್ಲಿ ಹೆಂಡತಿ. ಕೆಳಗೆ ಗೆರೆ ಎಳೆದು ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಅಚ್ಚುಕಟ್ಟಾದ ಮರ.

ಹದಿನೈದು ದಿನ ಕಳೆದ ಮೇಲೆ ದೊಡ್ಡಮನೆಯಾಕೆಯೇ ಆಟೋದಲ್ಲಿ ಬಂದಿಳಿದಳು. ಬೋಳು ಹಣೆ, ಬೋಳು ಕೈ. ವಕೀಲರು ಎದ್ದು ನಿಂತು, “ಬನ್ನಿ ಅಮ್ಮಾ, ಹೇಳಿಕಳಿಸಿದ್ದರೆ ನಾನೇ ಬರುತ್ತಿದ್ದೆ” ಎಂದರು. ಆಕೆ ನೀರನ್ನೂ ಮುಟ್ಟಲಿಲ್ಲ. “ಆ ಮನೇಲಿ ಅವಳು ಇರಲಿ ಬಿಡಿ ರಾಯರೇ. ಮಕ್ಕಳಿಗೆ ನಾನು ಹೇಳಿದೀನಿ. ಬರೆದುಕೊಡೋದು ಗಿರೆದುಕೊಡೋದು ಏನೂ ಬೇಡ,” ಎಂದು ಹೇಳಿ, ಮೇಜಿನ ಮೇಲಿದ್ದ ವಂಶವೃಕ್ಷದ ಪ್ರತಿಯನ್ನು ಒಮ್ಮೆ ನೋಡಿ, ಹಾಗೆಯೇ ಹೊರಟುಹೋದಳು.

ಖಾತೆ ಬದಲಾಯಿತು, ಗಿರಣಿ ಮಾರಾಟವಾಯಿತು, ಪಕ್ಕದ ಎರಡು ಕೋಣೆ ಹಾಗೆಯೇ ಉಳಿದವು. ಅಲ್ಲಿಗೆ ಬರುವ ವಿದ್ಯುತ್ತಿನ ಬಿಲ್ಲು ಮಾತ್ರ ಬಹಳ ಕಾಲ ಸತ್ತವನ ಹೆಸರಿನಲ್ಲಿಯೇ ಬರುತ್ತಿತ್ತು. ಆಕೆ ತಿಂಗಳು ತಿಂಗಳೂ ಪೇಟೆಗೆ ನಡೆದುಹೋಗಿ, ಸಾಲಿನಲ್ಲಿ ನಿಂತು, ಅದನ್ನು ಕಟ್ಟಿ, ರಸೀದಿಯನ್ನು ನಾಲ್ಕಾಗಿ ಮಡಿಸಿ ಆ ಬಟ್ಟೆಯಂಗಡಿಯ ಚೀಲದೊಳಕ್ಕೆ ಸೇರಿಸುತ್ತಿದ್ದಳು.